ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದು ಎಂಆರ್‌ಐಯಲ್ಲಿದೆ. ಸೊಂಟ ನೋವು ಪೂರ್ತಿ ಹೋಗುವವರೆಗೆ ರಜೆ ಹಾಕಿ ಮಲಗಲೇ, ಬೆಲ್ಟ್ ಕಟ್ಟಿಕೊಂಡು ಕೆಲಸಕ್ಕೆ ಹೋಗಲೇ?

ಮಲಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂದು ಜೋಮು ಹಿಡಿದಿದ್ದರೆ, ಕಾಲಿನ ಬಲ ಕುಂದಿದ್ದರೆ ಮುಂದೆ ಓದಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ. ಇಲ್ಲವಾದರೆ, ದಯವಿಟ್ಟು ಮಲಗಬೇಡಿ.

ನಾನು ಮಲಗಿದವನು. ಸೀರೆ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಾದಿಯ ಮೇಲೆ ಕುಳಿತು, ಮುಂದಕ್ಕೆ ಬಾಗಿ ಸೀರೆ ಹರವಬೇಕು. ಎದ್ದು ಮೇಲಿನ ಅರೆಯಿಂದ ಕಟ್ಟು ಇಳಿಸಬೇಕು. ಮದುವೆಗಳ ಕಾಲದಲ್ಲೇ ಸೊಂಟ ಹಿಡಿದುಕೊಂಡಿತು. ಮುಖ ತೊಳೆಯಲು ಬಾಗಿದರೆ ಒಂದು ಕೈ ಗೋಡೆಗೆ ಊರಬೇಕಿತ್ತು. ಪ್ಯಾಂಟಿಗೆ ಎಡಗಾಲು ತೂರಿಸುವಾಗ ಮಂಚದ ಅಂಚಿನಲ್ಲಿ ಕುಳಿತು ಉಸಿರು ಬಿಗಿಹಿಡಿಯುತ್ತಿದ್ದೆ. ಸೀನು ಬಂದರೆ ಭಯ. ಪಾಯಿಖಾನೆಯಲ್ಲಿ ಕುಕ್ಕರಗಾಲಿನಿಂದ ಏಳಲು ನಲ್ಲಿಯ ಪೈಪು ಹಿಡಿಯಬೇಕು. ಇದನ್ನು ಯಾರಿಗೆ ಹೇಳಿಕೊಳ್ಳುವುದು?

ಮಲಗಿದಾಗ ಮೊದಮೊದಲು ಹಿತವೆನಿಸಿತು. ಕೆಟ್ಟದ್ದು ಅಲ್ಲೇ. ಮಲಗಿದ್ದಕ್ಕೇ ನೋವು ಇಳಿಯಿತು, ಇನ್ನಷ್ಟು ಮಲಗಿದರೆ ಪೂರ್ತಿ ಹೋದೀತು ಎಂದು ಲೆಕ್ಕ ಹಾಕಿದೆ. ಎದ್ದಾಗ ಸ್ವಲ್ಪ ಚಳುಕಿದರೂ ಡಿಸ್ಕ್ ಇನ್ನಷ್ಟು ಜಾರಿತೆಂದು ಹೆದರಿ ಮತ್ತೆ ಹಾಸಿಗೆ ಸೇರುತ್ತಿದ್ದೆ. ಚಳುಕು ಬಂದ ಮಾತ್ರಕ್ಕೆ ಒಳಗೆ ಏನೋ ಹರಿದಿದೆ ಎಂದೇನಿಲ್ಲ. ಇದನ್ನು ಆಗ ಯಾರೂ ನನಗೆ ಹೇಳಿರಲಿಲ್ಲ. ಮಲಗಿದಷ್ಟೂ ಬೆನ್ನಿನ ಬಲ ಇಳಿಯಿತು. ಬಲ ಇಳಿದಷ್ಟೂ ಎದ್ದರೆ ನೋವು, ನೋವಾದಷ್ಟೂ ಮಲಗುವುದು. ಕೊನೆಗೆ ಬೀದಿ ತುದಿಯ ಹಾಲಿನ ಬೂತೂ ದೂರವಾಯಿತು, ಸಂಬಳವೂ ನಿಂತಿತು. ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೇ ದಿನ ಮಲಗಿದವರೂ ಎಂದಿನಂತೆ ಓಡಾಡಿಕೊಂಡಿದ್ದವರಿಗಿಂತ ನಿಧಾನವಾಗಿ ಚೇತರಿಸಿಕೊಂಡಿದ್ದರು. ನಾನು ಮಲಗಿದ್ದು ಅದಕ್ಕಿಂತ ಬಹಳ ಹೆಚ್ಚು.

ಫಿಸಿಯೋಥೆರಪಿಸ್ಟ್ ನನ್ನ ಸ್ಕ್ಯಾನ್ ಬದಿಗಿಟ್ಟರು. ನೋವೇ ಇಲ್ಲದ ಐವತ್ತರ ವಯಸ್ಸಿನವರಲ್ಲೂ ಸುಮಾರು ಶೇ 60 ಮಂದಿಗೆ ಡಿಸ್ಕ್ ಉಬ್ಬಿರುತ್ತದಂತೆ. ಬದಲಿಗೆ, ಸೊಂಟ ನೋವು ದಿನನಿತ್ಯದ ಬದುಕನ್ನು ಎಷ್ಟು ಕಟ್ಟಿಹಾಕಿದೆ ಎಂದು ಅಳೆಯುವ ಆಸ್ವೆಸ್ಟ್ರಿ ಪ್ರಶ್ನಾವಳಿ ಕೊಟ್ಟರು. ಅದರ ಹತ್ತು ವಿಭಾಗಗಳಲ್ಲಿ ನೋವಿನ ತೀವ್ರತೆಗೆ ಒಂದೇ ಜಾಗ. ಉಳಿದ ಒಂಬತ್ತು: ಸ್ನಾನ-ಬಟ್ಟೆ, ಭಾರ ಎತ್ತುವುದು, ನಡಿಗೆ, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ, ನಾಲ್ಕು ಜನರೊಡನೆ ಬೆರೆಯುವುದು, ಪ್ರಯಾಣ. ನಾನು ಬಾಯಿಬಿಟ್ಟು ಹೇಳಲಾಗದ್ದೆಲ್ಲ ಆ ಹಾಳೆಯಲ್ಲಿತ್ತು. ಓದುತ್ತ ಕಣ್ಣು ತುಂಬಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೋವು ಪೂರ್ತಿ ಹೋಗಲೆಂದು ಕಾಯಬೇಡಿ. ಹೋದ ವಾರ ಆಗದಿದ್ದ ಯಾವ ಕೆಲಸ ಈ ವಾರ ಆಯಿತು ಎಂದು ನೋಡಿಕೊಳ್ಳಿ. ಬೆಲ್ಟಿಗೂ ದುಡ್ಡು ಹಾಕಬೇಡಿ. ದೀರ್ಘಕಾಲದ ಸೊಂಟ ನೋವಿಗೆ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಮನೆಯೊಳಗೇ ಆಗಲಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಕೆಲಸಕ್ಕೆ ಹೋಗಿ, ಆದರೆ ಸ್ವಲ್ಪ ಕಾಲ ಭಾರದ ಕೆಲಸ ಬೇಡವೆಂದು ಮಾಲೀಕರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿ. ನಾನು ಕೇಳಿದ್ದು ಗಾದಿಯ ಪಕ್ಕ ಒಂದು ಎತ್ತರದ ಸ್ಟೂಲು, ಕೊಟ್ಟರು.