72 ಗಂಟೆಯ ಮಾತು

ಓದುಗರ ಪತ್ರ: ನನಗೆ 27 ವರ್ಷ. 19 ದಿನದ ಹಿಂದೆ, ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ, ಅಲ್ಲಿ ಪರಿಚಯವಾದ ಹುಡುಗಿಯ ಜೊತೆ ಒಂದು ರಾತ್ರಿ ಕಳೆದೆ. ಕಾಂಡೋಮ್ ಹರಿದುಹೋಯಿತು. ಮರುದಿನವೇ ಒಬ್ಬ ಡಾಕ್ಟರ ಹತ್ತಿರ ಓಡಿದೆ. 'ಮಾಡುವ ಮುಂಚೆ ಬುದ್ಧಿ ಇರಬೇಕಿತ್ತು, ಮೂರು ತಿಂಗಳು ಬಿಟ್ಟು ಎಚ್‌ಐವಿ ಟೆಸ್ಟ್ ಮಾಡಿಸು' ಎಂದು ಕಳಿಸಿಬಿಟ್ಟರು. ತಡೆಯಲಾರದೆ 5ನೇ ದಿನ ಮತ್ತು 12ನೇ ದಿನ ಟೆಸ್ಟ್ ಮಾಡಿಸಿದೆ. ಎರಡೂ ನೆಗೆಟಿವ್. ಆದರೂ ನಂಬಿಕೆ ಬರುತ್ತಿಲ್ಲ. ಮೊನ್ನೆಯಿಂದ ಗಂಟಲು ನೋವು, ಮೈ ಬಿಸಿ. ಮಾಡಿದ ಪಾಪಕ್ಕೆ ಶಿಕ್ಷೆ ಶುರುವಾಯಿತೇನೋ. ಪಾಸಿಟಿವ್ ಬಂದರೆ ಬದುಕಿ ಏನು ಪ್ರಯೋಜನ? ಇಂಥದ್ದನ್ನೆಲ್ಲ ನಿಮಗೆ ಬರೆದಿದ್ದಕ್ಕೆ ಕ್ಷಮಿಸಿ. ಹೆಸರು ಹಾಕುತ್ತಿಲ್ಲ.

ಸಂಪಾದಕರ ಉತ್ತರ: ನೀವು ಯಾಕೆ ಕ್ಷಮೆ ಕೇಳುತ್ತೀರಿ? ಕೇಳಬೇಕಾದವರು ಬೇರೆ ಇದ್ದಾರೆ.

ಈ ಪತ್ರ ಓದಿದ ಹೆಚ್ಚಿನವರ ಕಣ್ಣು ಆ ರಾತ್ರಿಯ ಮೇಲೆ ಬೀಳುತ್ತದೆ. ನನ್ನ ಕಣ್ಣು ಬಿದ್ದದ್ದು ಮರುದಿನದ ಮೇಲೆ. 'ಮರುದಿನವೇ ಒಬ್ಬ ಡಾಕ್ಟರ ಹತ್ತಿರ ಓಡಿದೆ.' ಆ ಸಾಲನ್ನು ಮೂರು ಸಲ ಓದಿದೆ. ಮೂರು ಸಲವೂ ಹೊಟ್ಟೆ ಉರಿಯಿತು.

ಯಾಕೆ ಅಂದರೆ, ಎಚ್‌ಐವಿ ತಗುಲಿರಬಹುದು ಎಂಬ ಅನುಮಾನ ಬಂದಾಗ ಶುರು ಮಾಡುವ ಮಾತ್ರೆಗಳಿವೆ. ಪೆಪ್ ಅಂತ ಕರೆಯುತ್ತಾರೆ. 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಪ್ಪದೆ ನುಂಗಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು. ವೈರಸ್ ಮೈಯಲ್ಲಿ ಬೇರೂರುವುದಕ್ಕೆ ಒಂದಷ್ಟು ಸಮಯ ಬೇಕು. ಅದು ಬೇರೂರುವ ಮುಂಚೆ ಈ ಮಾತ್ರೆ ಅಡ್ಡ ನಿಲ್ಲುತ್ತದೆ. 72 ಗಂಟೆ ದಾಟಿದರೆ ಅದರಿಂದ ಉಪಯೋಗವಿಲ್ಲ. ನೀವು ಆ ಡಾಕ್ಟರ ಮುಂದೆ ಕೂತಾಗ ನಿಮ್ಮ ಕೈಯಲ್ಲಿ ಇನ್ನೂ ಎರಡು ದಿನ ಇತ್ತು. ಪೆಪ್ ಬೇಕೋ ಬೇಡವೋ ಎಂದು ಅಳೆದು ನೋಡುವುದು ಅವರ ಕೆಲಸವಾಗಿತ್ತು. ಅದನ್ನು ಬಿಟ್ಟು ಬುದ್ಧಿ ಹೇಳಿ ಕಳಿಸಿದರು.

ನಾಯಿ ಕಚ್ಚಿದರೆ ತಕ್ಷಣ ಇಂಜೆಕ್ಷನ್ ಹಾಕಿಸಬೇಕು ಅಂತ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ನಾಯಿಯ ತಂಟೆಗೆ ನೀನ್ಯಾಕೆ ಹೋದೆ ಅಂತ ಬೈದು ಯಾರೂ ವಾಪಸ್ ಕಳಿಸುವುದಿಲ್ಲ. ಈ 72 ಗಂಟೆಯ ಮಾತು ಮಾತ್ರ ಓದು ಬರಹ ಬಲ್ಲ ದೊಡ್ಡವರಿಗೂ ಗೊತ್ತಿಲ್ಲ. ನಮಗೆ ಇಂಥ ಪತ್ರಗಳು ಆಗಾಗ ಬರುತ್ತವೆ. ಗಂಟೆ ಮೀರುವ ಮುಂಚೆ ಬರೆದ ಒಂದು ಪತ್ರವನ್ನೂ ನಾನು ನೋಡಿಲ್ಲ.

ಇನ್ನೊಂದು ಸಂಗತಿ ಕೇಳಿ. ಇದೇ ಮಾತ್ರೆಯನ್ನು ಆಸ್ಪತ್ರೆಯಲ್ಲಿ ರೋಗಿಗೆ ಬಳಸಿದ ಸೂಜಿ ಅಕಸ್ಮಾತ್ತಾಗಿ ಚುಚ್ಚಿಕೊಂಡ ನರ್ಸ್‌ಗಳಿಗೂ ಡಾಕ್ಟರುಗಳಿಗೂ ಕೊಡುತ್ತಾರೆ. ಸೂಜಿ ಚುಚ್ಚಿದ ಮೇಲೆ ಎಝಡ್‌ಟಿ ಎಂಬ ಎಚ್‌ಐವಿ ಮಾತ್ರೆ ತೆಗೆದುಕೊಂಡ ಆಸ್ಪತ್ರೆ ಸಿಬ್ಬಂದಿಗೆ ಸೋಂಕಿನ ಸಾಧ್ಯತೆ ಸುಮಾರು 81% ಕಡಿಮೆ ಇತ್ತು ಅಂತ 1997ರಲ್ಲೇ ಒಂದು ಅಧ್ಯಯನ ಹೇಳಿತ್ತು. ನರ್ಸ್‌ಗೆ ಸೂಜಿ ಚುಚ್ಚಿದರೆ ಗಡಿಯಾರ ನೋಡುತ್ತಾರೆ. ನಿಮ್ಮಂಥವರು ಹೋದರೆ ಮುಖ ನೋಡುತ್ತಾರೆ. ಯಾವ ದಾರಿಯಲ್ಲಿ ಬಂದೆ ಎಂಬ ಲೆಕ್ಕ ವೈರಸ್ಸಿಗಿಲ್ಲ. ಆ ಲೆಕ್ಕ ಇಟ್ಟುಕೊಂಡವರು ನಾವು.

ಭಯ ಇದ್ದರೇನೇ ಜನ ಹದ್ದುಬಸ್ತಿನಲ್ಲಿ ಇರುತ್ತಾರೆ, ನೀವು ಸಲಿಗೆ ಕೊಡುತ್ತಿದ್ದೀರಿ ಅಂತ ಕೆಲವು ಹಿರಿಯ ಓದುಗರು ಬರೆಯುತ್ತಾರೆ. ಅವರ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಸಂಗಾತಿಗಳು ಕಡಿಮೆ ಇದ್ದಷ್ಟೂ ಅಪಾಯ ಕಡಿಮೆ. ಅದನ್ನು ಒಪ್ಪುತ್ತೇನೆ. ಆದರೆ ಭಯ ಆ ರಾತ್ರಿಯನ್ನು ತಡೆಯಿತಾ? ಇಲ್ಲ. ಮರುದಿನ ಸಿಗಬೇಕಿದ್ದ ಮಾತ್ರೆಯನ್ನು ತಡೆಯಿತು.

ಈ ಭಯ ಬಂದದ್ದು ಎಲ್ಲಿಂದ ಅಂತಲೂ ಗೊತ್ತಿರಲಿ. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐದು ಯುವಕರ ವಿಚಿತ್ರ ನ್ಯುಮೋನಿಯಾದ ಸುದ್ದಿ ಬಂತು. ಎಚ್‌ಐವಿಯಿಂದ ಬರುವ ಏಡ್ಸ್ ಕಾಯಿಲೆಯ ಮೊದಲ ವರದಿ ಅದು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ವೈರಸ್ಸನ್ನು ಹಿಡಿದರು. 1985ರಲ್ಲಿ ರಕ್ತ ಪರೀಕ್ಷೆ ಬಂತು. ಆದರೆ ಹಲವು ಮದ್ದುಗಳನ್ನು ಸೇರಿಸಿ ಕೊಡುವ ಗಟ್ಟಿ ಚಿಕಿತ್ಸೆ ಬರಲು 1996 ಆಗಬೇಕಾಯಿತು. ಮಧ್ಯದ ಆ ಹನ್ನೊಂದು ವರ್ಷ ಪಾಸಿಟಿವ್ ಎಂಬ ಚೀಟಿ ಅಂದರೆ ಸಾವಿನ ಚೀಟಿ. ನಮ್ಮ ತಲೆಯಲ್ಲಿ ಕೂತಿರುವ ತಲೆಬುರುಡೆಯ ಚಿತ್ರಗಳೆಲ್ಲ ಆ ಕಾಲದವು. ಔಷಧಿ ಬದಲಾಯಿತು, ಚಿತ್ರ ಬದಲಾಗಲಿಲ್ಲ.

ನನಗೆ ಒಬ್ಬ ಗೆಳೆಯನಿದ್ದ. ನಿಮ್ಮದೇ ಕಥೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಿನ ಕನ್ನಡಿ ಮುಂದೆ ನಿಂತು, ಬಾಯಿಗೆ ಟಾರ್ಚ್ ಬಿಟ್ಟುಕೊಂಡು ನಾಲಿಗೆಯ ಮೇಲೆ ಬಿಳಿ ಚುಕ್ಕೆ ಹುಡುಕುತ್ತಿದ್ದ. ಕುತ್ತಿಗೆಯ ಗ್ರಂಥಿ ಊದಿದೆಯಾ ಅಂತ ಒತ್ತಿ ಒತ್ತಿ ನೋಡುತ್ತಿದ್ದ. ದಿನವಿಡೀ ಒತ್ತಿದರೆ ಎಂಥ ಕುತ್ತಿಗೆಯೂ ನೋಯುತ್ತದೆ. ನೋವು ಶುರುವಾಯಿತು ಅಂತ ಮತ್ತೆ ಟೆಸ್ಟಿಗೆ ಓಡುತ್ತಿದ್ದ. ಒಂಬತ್ತು ಸಲ ಮಾಡಿಸಿದ. ಒಂಬತ್ತು ರಿಪೋರ್ಟನ್ನೂ ಮಡಚಿ ನಿಘಂಟಿನ ಹಾಳೆಗಳ ನಡುವೆ ಇಟ್ಟಿದ್ದ. ಒಂದು ದಿನ ಅವನ್ನೆಲ್ಲ ನನ್ನ ಮುಂದೆ ಸಾಲಾಗಿ ಹರಡಿ, 'ಇದರಲ್ಲಿ ಯಾವುದನ್ನು ನಂಬಲಿ?' ಅಂತ ಕೇಳಿದ. ಪಾಪ, ಅವನಿಗೆ ಬೇಕಾಗಿದ್ದದ್ದು ರಿಪೋರ್ಟ್ ಅಲ್ಲ. ನೀನು ಕೆಟ್ಟವನಲ್ಲ ಅಂತ ಯಾರಾದರೂ ಹೇಳಬೇಕಿತ್ತು. ಅದನ್ನು ಯಾವ ಲ್ಯಾಬೂ ಬರೆದುಕೊಡುವುದಿಲ್ಲ.

ಆದ್ದರಿಂದ ನಿಮ್ಮನ್ನೂ ಸ್ವಲ್ಪ ಗದರಬೇಕು. 5ನೇ ದಿನದ ಟೆಸ್ಟಿಗೆ ಅರ್ಥವೇ ಇಲ್ಲ. 12ನೇ ದಿನದ್ದಕ್ಕೂ ಅಷ್ಟೇ. ವೈರಸ್ ಬಂದ ಕೂಡಲೇ ಟೆಸ್ಟಿಗೆ ಕಾಣುವುದಿಲ್ಲ. ಹೆಚ್ಚಿನ ಟೆಸ್ಟುಗಳು ವೈರಸ್ಸಿನ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಯನ್ನು ಹುಡುಕುತ್ತವೆ, ಅದು ತಯಾರಾಗಲು ವಾರಗಳು ಬೇಕು. ಆಂಟಿಬಾಡಿಯ ಜೊತೆಗೆ ಪಿ24 ಎಂಬ ವೈರಸ್ಸಿನದೇ ಅಂಶವನ್ನೂ ನೋಡುವ ಟೆಸ್ಟನ್ನು, ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡಿದರೆ, 45 ದಿನದ ಮೇಲೆ ಬಂದ ನೆಗೆಟಿವ್ ನಂಬಬಹುದು. ಬೆರಳು ಚುಚ್ಚಿ ನೋಡುವ ಕಿಟ್ ಆದರೆ 90 ದಿನ. ವೈರಸ್ಸನ್ನೇ ನೇರವಾಗಿ ಹುಡುಕುವ ಟೆಸ್ಟೂ ಇದೆ. ಅದು 10ರಿಂದ 33 ದಿನದೊಳಗೆ ಹಿಡಿಯಬಲ್ಲದು. ಎಲ್ಲರಿಗೂ ಅದನ್ನು ಮಾಡುವುದಿಲ್ಲ. ಲ್ಯಾಬಿಗೆ ಹೋದಾಗ 'ಇದು ಯಾವ ಟೆಸ್ಟ್?' ಅಂತ ಬಾಯಿಬಿಟ್ಟು ಕೇಳಿ. ಆ ಒಂದು ಪ್ರಶ್ನೆಯನ್ನು ನನ್ನ ಗೆಳೆಯ ಒಂಬತ್ತು ಸಲದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಗಂಟಲು ನೋವು, ಜ್ವರ? ಹೊಸ ಸೋಂಕಿನವರಲ್ಲಿ ಅನೇಕರಿಗೆ ಎರಡರಿಂದ ನಾಲ್ಕು ವಾರದಲ್ಲಿ ಹೀಗಾಗುತ್ತದೆ, ನಿಜ. ಸಾಮಾನ್ಯ ಫ್ಲೂ ಬಂದರೂ ಹೀಗೇ ಆಗುತ್ತದೆ. ಜ್ವರ ನೋಡಿ ಇದು ಎಚ್‌ಐವಿ ಅಂತಾಗಲಿ ಅಲ್ಲ ಅಂತಾಗಲಿ ಯಾರೂ ಹೇಳಲಾರರು. ನಿಮಗೆ ಜ್ವರ ಬಂದಿರುವ ದಿನಗಳು ಸುಮ್ನೆ ತಳ್ಳಿಹಾಕುವಂಥವೂ ಅಲ್ಲ. ಬೈಯದ ಒಬ್ಬ ಡಾಕ್ಟರಿಗೆ ತೋರಿಸಿ, ನಡೆದದ್ದನ್ನು ಹೇಳಿ.

ಅಂಕಿಗಳು ಸಮಾಧಾನ ಕೊಡುತ್ತವೆ ಅಂದರೆ ತೆಗೆದುಕೊಳ್ಳಿ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದ ಹೆಣ್ಣಿನ ಜೊತೆ ಕಾಂಡೋಮ್ ಇಲ್ಲದೆ ಒಮ್ಮೆ ಯೋನಿ ಸಂಭೋಗ ನಡೆದರೆ ಗಂಡಿಗೆ ತಗುಲುವ ಸಾಧ್ಯತೆ 10,000ಕ್ಕೆ ಸುಮಾರು 4. ಅದೇ ಗಂಡಿನಿಂದ ಹೆಣ್ಣಿಗೆ 8. ಗುದ ಸಂಭೋಗದಲ್ಲಿ ಒಳಗೆ ಪಡೆಯುವವರಿಗೆ 138. ಬೇರೆ ಲೈಂಗಿಕ ಸೋಂಕು ಇದ್ದರೆ ಈ ಸಂಖ್ಯೆಗಳು ಏರುತ್ತವೆ. ನಿಮ್ಮ ಜೊತೆಗಿದ್ದವರಿಗೆ ಎಚ್‌ಐವಿ ಇತ್ತು ಅನ್ನುವುದೇ ಒಂದು ಊಹೆ. ಆದರೂ 4 ಎಂದರೆ ಸೊನ್ನೆ ಅಲ್ಲ, ಟೆಸ್ಟ್ ಬೇಕೇ ಬೇಕು. ಜೊತೆಗೆ ಸಿಫಿಲಿಸ್, ಗೊನೊರಿಯಾ, ಹೆಪಟೈಟಿಸ್ ಬಿ ಟೆಸ್ಟುಗಳನ್ನೂ ಮಾಡಿಸಿ. ಎಚ್‌ಐವಿಯ ಹೆದರಿಕೆಯಲ್ಲಿ ಎಲ್ಲರೂ ಮರೆಯುವುದು ಇವನ್ನೇ. ರಿಪೋರ್ಟ್ ಬರುವವರೆಗೆ ಕಾಂಡೋಮ್ ಬಿಡಬೇಡಿ. ಟೆಸ್ಟ್ ಪುಕ್ಕಟೆ ಆಗುತ್ತದಲ್ಲ ಅಂತ ರಕ್ತದಾನಕ್ಕೆ ಮಾತ್ರ ಹೋಗಬೇಡಿ. ಕೆಲವರು ಹೋಗುತ್ತಾರೆ. ಸೋಂಕು ಟೆಸ್ಟಿಗೆ ಕಾಣದ ದಿನಗಳಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತದೆ.

ಇನ್ನು ನಿಮ್ಮ ಪತ್ರದ ಆ ಮಾತು. 'ಪಾಸಿಟಿವ್ ಬಂದರೆ ಬದುಕಿ ಏನು ಪ್ರಯೋಜನ?' ಮೊದಲು ಒಂದು ಕೆಲಸ ಮಾಡಿ. ಆ ಯೋಚನೆ ಇನ್ನೂ ಇದ್ದರೆ, ನೀವು ನಂಬುವ ಒಬ್ಬರಿಗೆ ಇವತ್ತೇ ಹೇಳಿ. ಒಬ್ಬರೇ ಇಟ್ಟುಕೊಂಡು ರಾತ್ರಿ ಕಳೆಯಬೇಡಿ.

ಈ ಮಾತನ್ನು ಎಚ್‌ಐವಿ ಇರುವವರೂ ಓದುತ್ತಾರೆ. ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಇದರ ಜೊತೆ ಬದುಕುತ್ತಿದ್ದಾರೆ. ಅವರಲ್ಲೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಬಂದಿದ್ದರು. ಬ್ಯಾಗಿನಿಂದ ನಮ್ಮದೇ ಪತ್ರಿಕೆಯ ಹಳೆಯ ಪುಟವೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿದ್ದವು. ತಲೆಬುರುಡೆಯ ಚಿತ್ರ ಮಾತ್ರ ಹಾಗೇ ಇತ್ತು. 'ಇದನ್ನು ಓದಿ ಎರಡು ವರ್ಷ ಟೆಸ್ಟ್ ಮಾಡಿಸಲಿಲ್ಲ ಸರ್' ಅಂದರು. ಕೊನೆಗೆ ಮಾಡಿಸುವಾಗ ರೋಗದ ವಿರುದ್ಧ ಹೋರಾಡುವ ಸಿಡಿ4 ಕೋಶಗಳ ಲೆಕ್ಕ 200ಕ್ಕಿಂತ ಕೆಳಗೆ, ಅಪಾಯದ ಮಟ್ಟಕ್ಕೆ ಇಳಿದಿತ್ತು. ಆ ಚಿತ್ರ ಹಾಕಿದ ಸಂಚಿಕೆಯಲ್ಲಿ ನಾನೂ ಕೆಲಸ ಮಾಡಿದ್ದೆ. ಏನು ಹೇಳಲಿ? ತಪ್ಪಾಯಿತು ಅಂದೆ.

ಅವರು ಬೈಯಲಿಲ್ಲ. ಪುಟ್ಟ ಡಬ್ಬಿ ತೆಗೆದು ತೋರಿಸಿದರು. ರಾತ್ರಿ 9ಕ್ಕೆ ಫೋನಿನಲ್ಲಿ ಅಲಾರಂ, ದಿನಕ್ಕೆ ಒಂದು ಮಾತ್ರೆ. ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿದೆ. ಆಮೇಲೆ ಹುಟ್ಟಿದ ಮಗಳು ನೆಗೆಟಿವ್. ಗಂಡನೂ ನೆಗೆಟಿವ್. ಇದು ಅದೃಷ್ಟದ ಮಾತಲ್ಲ. 2016ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ 888 ಜೋಡಿಗಳಿದ್ದವು. ಚಿಕಿತ್ಸೆಯಿಂದ ವೈರಸ್ ಹಿಡಿತದಲ್ಲಿತ್ತು. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದರೂ ಆ ಸಂಗಾತಿಯಿಂದ ಸೋಂಕು ತಗುಲಿದವರ ಸಂಖ್ಯೆ ಸೊನ್ನೆ. ಇಂಥ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಜಾಗ ಸಿಕ್ಕಿತು ಅಂತ ನೋಡಿದರೆ ಬೇಜಾರಾಗುತ್ತದೆ. ಸಾಯುವ ಸುದ್ದಿಗೆ ಮುಖಪುಟ, ಬದುಕುವ ಸುದ್ದಿಗೆ ಒಳಗಡೆ ನಾಲ್ಕು ಸಾಲು.

ವಿಳಾಸ ಬರೆದಿದ್ದರೆ ನಿಮಗೆ ಅಂದೇ ಉತ್ತರ ಹಾಕುತ್ತಿದ್ದೆ. ನಾಚಿಕೆಯಿಂದ ಅದನ್ನೂ ಬಿಟ್ಟಿದ್ದೀರಿ. ಈ ಸಂಚಿಕೆ ನಿಮ್ಮ ಕೈ ಸೇರುವಾಗ 45 ದಿನ ದಾಟಿರುತ್ತದೆ. ಲ್ಯಾಬಿನಲ್ಲಿ ಒಂದು ಸಲ ಸರಿಯಾಗಿ ಮಾಡಿಸಿ. ನೆಗೆಟಿವ್ ಬಂದರೆ ನಂಬಿ, ಮತ್ತೆ ಹೋಗಬೇಡಿ. ಮೊದಲ ಟೆಸ್ಟ್ ಪಾಸಿಟಿವ್ ತೋರಿಸಿದರೆ ಅದೇ ಕೊನೆಯ ಮಾತಲ್ಲ, ಬೇರೆ ಟೆಸ್ಟಿನಿಂದ ಖಚಿತಪಡಿಸುತ್ತಾರೆ. ಖಚಿತವಾದರೆ ಅದೇ ವಾರ ಮಾತ್ರೆ ಶುರು ಮಾಡಿಸಿಕೊಳ್ಳಿ.

ಆ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗುವ ಮನಸ್ಸಾದರೆ, ಈ ಪುಟ ಹರಿದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಡಿ. 72 ಗಂಟೆಯ ಸಾಲಿನ ಕೆಳಗೆ ಗೆರೆ ಎಳೆದಿಡಿ. ನಿಮ್ಮ ಹಿಂದೆಯೇ ಇನ್ನೊಬ್ಬರು ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ.