ಇನ್ಸುಲಿನ್ ಜತೆ ವಿಮಾನ ಹತ್ತುವಾಗ

ಪ್ರಶ್ನೆ: ಅಮ್ಮನಿಗೆ 62 ವರ್ಷ. ದಿನಕ್ಕೆರಡು ಸಲ ಮಿಕ್ಸ್ ಇನ್ಸುಲಿನ್ ಪೆನ್ ಬಳಸುತ್ತಾರೆ. ಕಣ್ಣೂರಿನಿಂದ ದುಬೈಗೆ ಹೊರಟಿದ್ದಾರೆ. ಇನ್ಸುಲಿನ್ ಲಗೇಜಿಗೆ ಹಾಕಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಬೇಡವೇ ಬೇಡ. ವಿಮಾನದ ಕೆಳಗಿನ ಸಾಮಾನು ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು. ಪೆನ್ನು, ಸೂಜಿ, ಗ್ಲುಕೋಮೀಟರ್, ವೈದ್ಯರ ಚೀಟಿ ಎಲ್ಲವೂ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಬೇಕಾದ್ದರ ಎರಡರಷ್ಟಿರಲಿ. ಐಸ್ ಪ್ಯಾಕ್ ಇಡುವುದಾದರೆ ನಡುವೆ ಟವೆಲ್ ಸುತ್ತಿ. ಭದ್ರತಾ ತಪಾಸಣೆಯಲ್ಲಿ ಮೊದಲೇ ತಿಳಿಸಿ.

ನಮಗೆ ಹೆಚ್ಚು ಚಿಂತೆ ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ದಾರಿಯ ಮಾಕುಟ್ಟ ಘಾಟಿಯದು. ಇನ್ಸುಲಿನ್ ಹಾಕಿ, ಅಕ್ಕಿರೊಟ್ಟಿ ತಿಂದು ಹೊರಟವರಿಗೆ ತಿರುವುಗಳಲ್ಲಿ ವಾಂತಿಯಾದರೆ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ ಕಂಡರೆ ಕಾರು ನಿಲ್ಲಿಸಿ ಪರೀಕ್ಷಿಸಿ. ಗ್ಲುಕೋಮೀಟರ್ 70ಕ್ಕಿಂತ (mg/dL) ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ವಾಂತಿ ತಡೆಯುವ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಡಿ.

ವಿಮಾನದಲ್ಲಿ ಊಟ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಲಿ. ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಬಿಟ್ಟರೆ ಗಾಳಿಗುಳ್ಳೆ ಸೇರಿ ಡೋಸ್ ತಪ್ಪುತ್ತದೆ. ಪ್ರತಿ ಸಲ ಹೊಸ ಸೂಜಿ ಹಾಕಿ 2 ಯೂನಿಟ್ ಹೊರಗೆ ಬಿಟ್ಟು ನೋಡಬೇಕು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆಯಷ್ಟೇ ಹಿಂದೆ, ಹಾಗಾಗಿ ಸಾಮಾನ್ಯವಾಗಿ ಡೋಸ್ ಬದಲಿಸಬೇಕಾಗಿಲ್ಲ.