ಲೇತ್ ಇಲ್ಲದೆ ಮರದ ಎಣಿಕೆ ಆಟಿಕೆ

ಸರ್, ಎರಡೂವರೆ ವರ್ಷದ ಮಗಳಿಗೆ ಎಣಿಸೋ ಮರದ ಆಟಿಕೆ ಮಾಡ್ಬೇಕು, ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಇಲ್ಲ, ಬಣ್ಣ ಯಾವುದು ಅಂತ ಕೇಳಿದ್ರಿ. ಮಂಡ್ಯಕ್ಕೆ ಚನ್ನಪಟ್ಟಣ ಹತ್ತಿರಾನೇ, ಆದ್ರೆ ಅಲ್ಲಿನ ಆಟಿಕೆ ಮಾಡೋರು ಆಲೆಮರವನ್ನ ಲೇತಲ್ಲಿ ತಿರುಗಿಸ್ತಾ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸ್ತಾರೆ. ಅದು ಮನೇಲಿ ಆಗೋ ಕೆಲಸ ಅಲ್ಲ. ದುಂಡು ಬಳೆ ಆಸೆ ಬಿಡಿ, ಚೌಕ ಬಿಲ್ಲೆ ಸಾಕು.

45 ಮಿ.ಮೀ. ಅಗಲ, 15 ಮಿ.ಮೀ. ದಪ್ಪದ ಮೂರಡಿ ಮರದ ರೀಪರ್ ಪಟ್ಟಿ ತಗೊಳ್ಳಿ. ಮೊದಲು 16 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ತೂತು ಹೊಡೆದು, ಆಮೇಲೆ ಚೌಕ ಕೊಯ್ಯಿರಿ. ಕೊಯ್ದ ಮೇಲೆ ತೂತು ಹೊಡೆಯೋಕೆ ಹೋದ್ರೆ ತುಂಡು ಸೀಳುತ್ತೆ, ಕೈಗೂ ಅಪಾಯ. ಐದು ಗೂಟಕ್ಕೆ ಒಂದು, ಎರಡು, ಮೂರು, ನಾಲ್ಕು, ಐದು ಅಂತ ಒಟ್ಟು 15 ಬಿಲ್ಲೆ. ಹಲಗೆ ಮೇಲೆ 70 ಮಿ.ಮೀ.ಗೊಂದು ಗೂಟ, 12 ಮಿ.ಮೀ. ದಪ್ಪದ್ದು. ಎತ್ತರ 15, 30, 45, 60, 75 ಮಿ.ಮೀ. ಮೂರರ ಗೂಟಕ್ಕೆ ನಾಲ್ಕನೇ ಬಿಲ್ಲೆ ಇಟ್ರೆ ಜಾರಿ ಬೀಳುತ್ತೆ, ತಪ್ಪನ್ನ ಆಟಿಕೆನೇ ಹೇಳುತ್ತೆ.

ಹಲಗೆ ಒಳಗೆ ಇಳಿಯೋ 12 ಮಿ.ಮೀ. ಸೇರಿಸಿ ಗೂಟ ಕತ್ತರಿಸಿ. ನಾನು ಮೊದಲ ಸಲ ಮರೆತು, ಒಂದರ ಗೂಟ ಬರೀ 3 ಮಿ.ಮೀ. ಇಣುಕ್ತಿತ್ತು. ಮನೆಯವಳು ಇನ್ನೂ ನಗ್ತಾಳೆ.

ಉಜ್ಜೋದರಲ್ಲಿ ಸೋಮಾರಿತನ ಬೇಡ: 80, 120, 220 ನಂಬರಿನ ಸ್ಯಾಂಡ್ ಪೇಪರ್, ಮೂಲೆಗಳನ್ನ ದುಂಡಗೆ ಮಾಡಿ. ಒದ್ದೆ ಬಟ್ಟೇಲಿ ಒರೆಸಿ ಒಣಗಿದ ಮೇಲೆ ಎದ್ದ ನಾರನ್ನ ಮತ್ತೆ 220ರಲ್ಲಿ ಉಜ್ಜಿ.

ಬಣ್ಣ ಬೇಡವೇ ಬೇಡ. ಬಾಯಿಗೆ ಹಾಕೋ ವಯಸ್ಸು, ಬಾಗಿಲಿಗೆ ಬಳಿದು ಉಳಿದ ಪೇಂಟಂತೂ ಮುಟ್ಟಲೇಬೇಡಿ. ಜೇನುಮೇಣ ತಿಕ್ಕಿ ಕೊಡಿ ಸಾಕು.